ಹಿಟ್ಟಿನ ಕೈಯ ಆಣೆ

ಗಿರಣಿ ನಡೆಸುವವನು ಫೋನು ಮುಟ್ಟುವ ಮೊದಲು ಕೈ ಒರೆಸಿಕೊಳ್ಳಬೇಕು. ಸವದತ್ತಿಯ ನಿಜಗುಣಪ್ಪ ಒರೆಸಿಕೊಳ್ಳಲಿಲ್ಲ, ತಪ್ಪೆಂದರೆ ಅಷ್ಟೇ. ಬೆಳಗ್ಗೆ ಮೊದಲ ಡಬ್ಬಿ ಜೋಳ ಬೀಸುತ್ತಿದ್ದಾಗ ಫೋನು ಗುಂಯ್ ಎಂದಿತು. ಪರದೆಯ ಮೇಲೆ ಕೂತ ಹಿಟ್ಟನ್ನು ಹೆಬ್ಬೆರಳಿನಿಂದ ತೀಡಿದ. ತೀಡಿದ್ದೇ ತಡ, 'ಜೋಳ ಕಾಯಿನ್ ಉಳಿಸಿ ಬಳಗ' ಎಂಬ ವಾಟ್ಸ್ಯಾಪ್ ಗುಂಪಿನಲ್ಲಿ, ನಿವೃತ್ತ ಶಿಕ್ಷಕ ಮಹಾಂತಪ್ಪನವರ ಸಂದೇಶದ ಕೆಳಗೆ ಅವನ ಹೆಸರಿನಲ್ಲಿ ಎತ್ತಿದ ಹೆಬ್ಬೆರಳೊಂದು ಬಿತ್ತು. ಸಂದೇಶ ಏನೆಂದು ಆಮೇಲೆ ಓದಿದ: 'ಕಾಯಿನ್ ಬದುಕಬೇಕಾದರೆ ಯಾರಾದರೊಬ್ಬರು ಅದನ್ನು ತಮ್ಮ ಅಂಗಡಿಯಲ್ಲಿ ದುಡ್ಡಿನಂತೆ ತೆಗೆದುಕೊಳ್ಳಬೇಕು. ಯಾರು ಮುಂದೆ ಬರುತ್ತೀರಿ?'

ಎರಡು ವರ್ಷದ ಹಿಂದೆ ಪುಣೆ ಕಡೆಯವನೊಬ್ಬ ಕಿತ್ತೂರಿನ ಹೈವೇ ಪಕ್ಕದ ಹೋಟೆಲಿನಲ್ಲಿ ಸುತ್ತಲಿನ ಊರವರಿಗೆಲ್ಲ ಊಟ ಹಾಕಿಸಿ, ಇದು ಬಿಟ್‌ಕಾಯಿನ್ನಿನ ತಮ್ಮ ಎಂದು ಹೇಳಿ ಜೋಳ ಕಾಯಿನ್ ಮಾರಿ ಹೋಗಿದ್ದ. ಹೋದವನು ಹೋದ, ಫೋನಿನಲ್ಲಿ ಆಪ್ ಉಳಿಯಿತು. ಅದರಲ್ಲಿ ದರ ಇಳಿದು ಇಳಿದು ನೆಲ ಕಂಡಿತ್ತು. ನಿಜಗುಣಪ್ಪ ಹತ್ತು ರೂಪಾಯಿಯ ನಾಣ್ಯವನ್ನೂ ಎರಡು ಸಲ ತಿರುಗಿಸಿ ನೋಡಿ ತೆಗೆದುಕೊಳ್ಳುವ ಪ್ರಾಣಿ. ಆದರೆ ಅವತ್ತಿನ ಊಟ ಚೆನ್ನಾಗಿತ್ತು. ಹೆಂಡತಿ ನೀಲಾಳ ಬಂಗಾರದ ಸರ ಬೋರಮಾಳವನ್ನು ಅವಳಿಗೆ ತಿಳಿಯದಂತೆ ಸರಾಫ ಬಸವಣ್ಣೆಪ್ಪನ ಬಳಿ ಅಡವಿಟ್ಟು ಕಾಯಿನ್ ಕೊಂಡಿದ್ದ. ತಿಜೋರಿಯ ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡು ಇಷ್ಟು ದಿನ ಹೇಗೋ ತಳ್ಳಿದ್ದ. ಇವತ್ತು ಬೆಳಗ್ಗೆ ಚಹಾ ಕೊಡುವಾಗ ನೀಲಾ ಹೇಳಿಯೇಬಿಟ್ಟಿದ್ದಳು: "ನಾಳೆ ರಾಮದುರ್ಗದಾಗ ನಮ್ಮಣ್ಣನ ಮಗಳ ನಿಶ್ಚಯ ಐತಿ. ಇವತ್ತ ರಾತ್ರಿ ಊಟದ ಮೊದಲ ಬೋರಮಾಳ ತಗದ ಕೊಡ್ರಿ."

ಆ ಚಿಂತೆಯಲ್ಲಿರುವಾಗಲೇ ಮಹಾಂತಪ್ಪನವರು ಶಾಲು, ಹಾರ, ನಾಲ್ಕು ಜನರ ಸಮೇತ ಗಿರಣಿಗೆ ಬಂದರು. ಅದು ಕೈ ಜಾರಿ ಬಿದ್ದ ಹೆಬ್ಬೆರಳು ಎಂದು ನಿಜಗುಣಪ್ಪ ಹೇಳಿ ನೋಡಿದ. ದೊಡ್ಡ ಕೆಲಸಗಳೆಲ್ಲ ಹಾಗೆಯೇ ಶುರುವಾಗುತ್ತವೆ ಎಂದರು ಮಹಾಂತಪ್ಪನವರು.

"ಕಾಯಿನ್ ಸತ್ತಿಲ್ಲ ನಿಜಗುಣಪ್ಪ, ನಿಂತೈತಿ ಅಷ್ಟ. ಅದು ತಿರಗಬೇಕು. ನಮ್ಮೂರಾಗ ದಿನಾ ತಿರಗೂದು ಏನೈತಿ ಹೇಳ್ರಿ? ನಿಮ್ಮ ಗಿರಣಿ ಕಲ್ಲು."

"ಅಲ್ರಿ ಮಾಸ್ತರ, ಕರೆಂಟ್ ಬಿಲ್ಲಿಗೆ ಅವರು ಕಾಯಿನ್ ತಗೋತಾರೇನ್ರಿ?"

"ಅದು ಎರಡನೇ ಹಂತ. ನಿಮಗೇನರ ಅಳಕು ಇದ್ರ ಹೇಳ್ರಿ, ಮನೀಗೇ ಬಂದು ನೀಲವ್ವಗೂ ತಿಳಿಸಿ ಹೇಳತೇನಿ. ನೀವು ಎಷ್ಟ್ ಕಾಯಿನ್ ತಗೊಂಡೀರಿ ಅನ್ನೂದು ನನಗ ಗೊತ್ತೈತೆಲ್ಲ."

ಮಾಸ್ತರರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಅದೇ ಕರ್ಮ. ನಿಜಗುಣಪ್ಪ ತೆಪ್ಪಗೆ ಕುತ್ತಿಗೆ ಬಗ್ಗಿಸಿ ಹಾರ ಹಾಕಿಸಿಕೊಂಡ.

ಆಮೇಲೆ ಶುರುವಾಯಿತು ನೋಡಿ. ವಾರಕ್ಕೊಮ್ಮೆ ಒಂದು ಡಬ್ಬಿ ತರುತ್ತಿದ್ದವರು ಅವತ್ತು ಚೀಲ ತಂದರು. ಪಕ್ಕದ ಮನೆಯ ರೊಟ್ಟಿ ಅಂಗಡಿಯ ಅನ್ನಪೂರ್ಣಾ ಕೈಗಾಡಿಯಲ್ಲಿ ಜೋಳ ಹೇರಿಕೊಂಡು ಬಂದಳು. ಉಗರಗೋಳದಿಂದ ಒಂದು ಟೆಂಪೊ ಬಂದು ನಿಂತಿತು. ಅಲ್ಲಿನ ಅಂಗಡಿಕಾರರು ಕಾಯಿನ್ನುಗಳನ್ನು ಮರೆತೇಬಿಟ್ಟಿದ್ದರಂತೆ, ಈಗ ನೆನಪಾಯಿತಂತೆ. ಲಗಮವ್ವ ಎಂಬ ಮುದುಕಿ ಒಣಮೆಣಸಿನಕಾಯಿ ತಂದು, ಜೋಳದ ಕಲ್ಲಿನಲ್ಲಿ ಖಾರ ಬೀಸುವುದಿಲ್ಲ ಎಂದರೆ, ಹಾರ ಹಾಕಿಸಿಕೊಳ್ಳುವಾಗ ಅದನ್ನು ಹೇಳಬೇಕಿತ್ತು ಎಂದು ಜಗಳಕ್ಕೆ ನಿಂತಳು. ನಡುವೆ ಬೆಲ್ಟು ಹರಿಯಿತು. ಬೆಲ್ಟಿನ ಅಂಗಡಿಯವನು ರೂಪಾಯಿಯನ್ನೇ ಕೇಳಿದ.

ಗಂಟಲು ಒಣಗಿ ನಿಜಗುಣಪ್ಪ ಎದುರಿನ ಚಹಾದಂಗಡಿಯ ಕಾಡಪ್ಪನ ಬಳಿ ಹೋದ. ಕಾಡಪ್ಪನೂ ಬಳಗದ ಸದಸ್ಯ. ಬೆಳಗ್ಗೆ ಹಾರ ಹಿಡಿದು ನಿಂತವರಲ್ಲಿ ಒಬ್ಬ. ಆಗತಾನೇ ಕಾಯಿನ್ ಕೊಟ್ಟು ಎರಡು ಚೀಲ ಗೋಧಿ ಬೀಸಿಸಿಕೊಂಡು ಹೋಗಿದ್ದ. ಒಂದು ಕಪ್ ಚಹಾಕ್ಕೆ ಕಾಯಿನ್ ನಡೆಯುತ್ತದೆಯೇ ಎಂದು ನಿಜಗುಣಪ್ಪ ಕೇಳಿದ.

"ನನಗ ಕಾಯಿನ್ ಮ್ಯಾಲೆ ಪೂರ್ತಿ ನಂಬಿಕಿ ಐತಿ ಅಣ್ಣಾ," ಎಂದ ಕಾಡಪ್ಪ. "ಹಾಲ ಹಾಕಾಂವ್ಗ ಇಲ್ಲ."

ಊರಿನಲ್ಲಿ ಈ ಕಾಯಿನ್ನನ್ನು ದುಡ್ಡು ಎಂದು ತೆಗೆದುಕೊಳ್ಳುತ್ತಿದ್ದವನು ತಾನೊಬ್ಬನೇ ಎಂಬುದು ನಿಜಗುಣಪ್ಪನಿಗೆ ಆಗ ಪೂರ್ತಿ ಅರ್ಥವಾಯಿತು. ಹಲ್ಲು ಕಡಿದು ರೂಪಾಯಿ ಕೊಟ್ಟೇ ಚಹಾ ಕುಡಿದ.

ಮಧ್ಯಾಹ್ನ ಆಪಿನಲ್ಲಿ ವಿಚಿತ್ರವಾಯಿತು. ಬೆಳಗಿನಿಂದ ನೂರಾರು ಜನ ಕಾಯಿನ್ ದಾಟಿಸಿದ್ದರಿಂದ ಸತ್ತು ಮಲಗಿದ್ದ ದರದ ಗೆರೆ ಎದ್ದು ಹಸಿರಾಗಿ ಮೇಲೆ ಹೊರಟಿತು. ಜನ ಕುಣಿದರು. ಮಹಾಂತಪ್ಪನವರಿಗೆ ಮಾತ್ರ ಭಯ ಹಿಡಿಯಿತು: ದರ ಏರಿತೆಂದು ಎಲ್ಲರೂ ಮಾರಲು ಹೊರಟರೆ ಮತ್ತೆ ಗೆರೆ ನೆಲಕ್ಕೇ. ಉಗರಗೋಳದವರ ಬಳಿ ಎಲ್ಲಮ್ಮನ ಗುಡಿಯ ಅರಿಸಿನ, ಅಂದರೆ ಭಂಡಾರವಿತ್ತು. ಅದನ್ನು ತಾಟಿನಲ್ಲಿಟ್ಟು, ಒಬ್ಬೊಬ್ಬರೂ ಮುಟ್ಟಿ ಕಾಯಿನ್ ಮಾರುವುದಿಲ್ಲ ಎಂದು ಆಣೆ ಮಾಡಬೇಕು ಎಂದರು ಮಾಸ್ತರರು. ಕೋರ್ಟಿನಲ್ಲಿ ಸುಳ್ಳು ಹೇಳಿ ಬಂದವನೂ ಈ ಭಾಗದಲ್ಲಿ ಭಂಡಾರ ಮುಟ್ಟಿ ಸುಳ್ಳು ಹೇಳಲಾರ. ಮೊದಲ ಸರದಿ ಹಾರ ಹಾಕಿಸಿಕೊಂಡವನದೇ.

ನಿಜಗುಣಪ್ಪ ಕೈ ಚಾಚಿದ. ಆಗ ಅವನ ಕಣ್ಣು ತನ್ನ ಕೈಯ ಮೇಲೆ ಬಿತ್ತು. ಬೆರಳ ತುದಿಯಿಂದ ಮೊಣಕೈವರೆಗೆ ಹಿಟ್ಟು ಮೆತ್ತಿತ್ತು. ಭಂಡಾರ ಮುಟ್ಟಿದ್ದು ಹಿಟ್ಟನ್ನು, ಚರ್ಮವನ್ನಲ್ಲ. ಆಣೆ ಹತ್ತಿದರೆ ಹಿಟ್ಟಿಗೆ ಹತ್ತಲಿ ಎಂದುಕೊಂಡ. ದಿನವೆಲ್ಲ ಬೈದುಕೊಂಡಿದ್ದ ಹಿಟ್ಟಿಗೆ ಆ ಹೊತ್ತು ಮನಸ್ಸಿನಲ್ಲೇ ಕೈ ಮುಗಿದ.

ಬಹಿರಂಗ ಮಾರಾಟ ನಿಂತ ಮೇಲೆ ಒಳಗಿನ ಮಾರಾಟ ಶುರುವಾಗಲೇಬೇಕಲ್ಲ. ಸ್ವಲ್ಪ ಹೊತ್ತಿಗೆ ಬೈಲಹೊಂಗಲದ ಎತ್ತಿನ ಸಂತೆಯ ದಲ್ಲಾಳಿ ಅಮೋಘಸಿದ್ದಪ್ಪ ಹೆಗಲ ಮೇಲಿನ ಟವೆಲ್ ಕೊಡವುತ್ತ ಗಿರಣಿಯ ಹಿಂಬಾಗಿಲಿಗೆ ಬಂದ. ಎತ್ತಿನ ವ್ಯಾಪಾರದ ಪದ್ಧತಿ ಎಲ್ಲರಿಗೂ ಗೊತ್ತು: ಟವೆಲಿನ ಮರೆಯಲ್ಲಿ ಕೈ ಹಿಡಿದು ಬೆರಳು ಒತ್ತಿ ದರ ಹೇಳುವುದು, ಬಾಯಿ ಬಿಡುವುದಿಲ್ಲ. ಈಗ ಅವನು ಕಾಯಿನ್ನನ್ನೂ ಹಾಗೆಯೇ ದಾಟಿಸುತ್ತಿದ್ದ.

"ಗಿರಾಕಿ ಅದಾರ. ನಗದ ಕೈಯಾಗ," ಎಂದ ಮೆಲ್ಲಗೆ.

"ಯಾರು?"

"ಅದನ್ನ ಕೇಳಬ್ಯಾಡ್ರಿ. ಅವರಿಗೆ ನೀವು ಯಾರಂತ ಹೇಳೂದಿಲ್ಲ, ನಿಮಗ ಅವರು ಯಾರಂತ ಹೇಳೂದಿಲ್ಲ. ನನ್ನ ಧಂದೆದಾಗ ಬಾಯಿ ಬಿಟ್ಟಾಂವ ಸತ್ತಂಗ."

ಟವೆಲಿನ ಕೆಳಗೆ ಅಮೋಘಸಿದ್ದಪ್ಪ ಬೆರಳು ಒತ್ತಿದ. ಬೋರಮಾಳ ಬಿಡಿಸಲು ಸರಿಯಾಗಿ ಸಾಲುವ ದರ. ನಿಜಗುಣಪ್ಪ ಮರುಮಾತಾಡದೆ ಒಪ್ಪಿ, ಮೊದಲಿದ್ದ ಕಾಯಿನ್ನನ್ನೂ ಅವತ್ತು ಬೀಸಿ ಗಳಿಸಿದ್ದನ್ನೂ ಸೇರಿಸಿ ಎಲ್ಲವನ್ನೂ ದಲ್ಲಾಳಿಯ ಫೋನಿಗೆ ದಾಟಿಸಿ ನೋಟಿನ ಕಟ್ಟು ಜೇಬಿಗಿಳಿಸಿದ. ಅದನ್ನು ಕೊಳ್ಳುವ ಬೆಪ್ಪನ ಮೇಲೆ ಕನಿಕರವೂ ಬಂತು. ನಾಳೆಯಿಂದ ತಾನು ಕಾಯಿನ್ ತೆಗೆದುಕೊಳ್ಳದಿದ್ದರೆ ಅದಕ್ಕೆ ಮೂರು ಕಾಸಿನ ಬೆಲೆಯಿಲ್ಲ ಎಂದು ತನಗಿಂತ ಚೆನ್ನಾಗಿ ಬಲ್ಲವರು ಯಾರು?

ಹೊತ್ತು ಮುಳುಗುವಾಗ ಗಿರಣಿ ಮುಚ್ಚಿ, ಬಾಗಿಲ ಮೇಲೆ ಸೀಮೆಸುಣ್ಣದಿಂದ 'ನಾಳೆಯಿಂದ ಕಾಯಿನ್ ನಡೆಯುವುದಿಲ್ಲ' ಎಂದು ದಪ್ಪಕ್ಷರದಲ್ಲಿ ಬರೆದ. ಹಾರವನ್ನು ಬೀದಿಯ ಆಕಳಿಗೆ ತಿನ್ನಿಸಿದ. ಸರಾಫ ಬಸವಣ್ಣೆಪ್ಪನ ಅಂಗಡಿಗೆ ಹೋಗಿ ಕಾದು ಕೂತು, ನೋಟು ಕೊಟ್ಟು ಬೋರಮಾಳ ಬಿಡಿಸಿಕೊಂಡ. ಬಸವಣ್ಣೆಪ್ಪ ನೋಟಿನ ಕಟ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇದರ ಮೇಲಿನ ರಬ್ಬರ್ ಬ್ಯಾಂಡು ನಮ್ಮ ಅಂಗಡಿಯದೇ ಇದ್ದಂತಿದೆ ಎಂದು ನಕ್ಕ. ನಿಜಗುಣಪ್ಪನಿಗೆ ಅದನ್ನೆಲ್ಲ ಕೇಳುವ ವ್ಯವಧಾನ ಇರಲಿಲ್ಲ.

ಮನೆಯಲ್ಲಿ ಇನ್ನೂ ಯಾರೂ ಇರಲಿಲ್ಲ. ದೇವರು ದೊಡ್ಡವನು ಎಂದುಕೊಂಡು ತಿಜೋರಿ ತೆರೆದು, ಈಗಷ್ಟೇ ತೆಗೆದವನಂತೆ ಬೋರಮಾಳ ಹಿಡಿದು ಕೂತ. ನೀಲಾ ಬಂದಳು. ಸರ ಕೊರಳಿಗೆ ಹಾಕಿಕೊಂಡು ಕನ್ನಡಿ ನೋಡಿದಳು, ಖುಷಿಪಟ್ಟಳು. ಎರಡು ವರ್ಷದ ಭಾರ ನಿಜಗುಣಪ್ಪನ ಎದೆಯಿಂದ ಇಳಿಯಿತು. ಅಷ್ಟರಲ್ಲಿ ಅವನ ಕಣ್ಣು ಬಂಗಾರದ ಬಳೆಗಳಿಲ್ಲದ ಅವಳ ಕೈಯ ಮೇಲೆ ಹೋಯಿತು.

"ನಿನ್ನ ಪಾಟ್ಲಿ ಎಲ್ಲೆ?"

ನೀಲಾ ಬಾಗಿಲು ಮುಚ್ಚಿ ಪಕ್ಕಕ್ಕೆ ಬಂದು ಕೂತಳು.

"ಸಿಟ್ಟಾಗಬ್ಯಾಡ್ರಿ. ಬಸವಣ್ಣೆಪ್ಪನ ಕಡೆ ಇಟ್ಟು ಜೋಳ ಕಾಯಿನ್ ತಗೊಂಡೇನಿ. ಹತ್ತ ರೂಪಾಯಿ ನಾಣ್ಯಾನೂ ತಿರಗಿಸಿ ತಿರಗಿಸಿ ನೋಡಾವ್ರು ನೀವು. ನೀವ ಅದನ್ನ ತಗೊಳ್ಳಾಕ ಹತ್ತೀರಿ ಅಂದ್ರ ಅದು ಬಂಗಾರನ ಇರಬೇಕು ಅಂತ ಅನ್ನಪೂರ್ಣಕ್ಕ ಅಂದ್ಲು, ನನಗೂ ಹೌದನಿಸ್ತು. ಆಕಿನ ಅಮೋಘಸಿದ್ದಪ್ಪಗ ಹೇಳಿ ಕೊಡಿಸಿದ್ಲು. ಮಾರಿದಾಂವ ಯಾವನೋ ಅಡ್ನಾಡಿ ಇರಬೇಕ್ರಿ, ದರಕ್ಕ ಒಂದ್ ಮಾತ ಸೈತ ಆಡಲಿಲ್ಲಂತ."

ಗಿರಣಿ ಬಾಗಿಲಿನ ಬರಹ ನೆನಪಾಗಿ ನಿಜಗುಣಪ್ಪ ಎದ್ದು ನಿಂತ.

"ಎಲ್ಲಿ ಹೊಂಟ್ರಿ? ಗಿರಣಿ ಬಾಗಲಕ್ಕ ಯಾರೋ ಹೊಟ್ಟಿಕಿಚ್ಚಿನವರು ನಾಳಿಂದ ಕಾಯಿನ್ ನಡ್ಯೂದಿಲ್ಲ ಅಂತ ಬರದಿದ್ರು. ಬರೂ ಮುಂದ ಸೆರಗಲೆ ಒರಸಿ ಬಂದೇನಿ. ನೀವು ನಾಳೆ ರಾಮದುರ್ಗಕ್ಕ ಬರೂದ ಬ್ಯಾಡ, ಲಗೂನ ಗಿರಣಿ ತಗೀರಿ. ಕಾಯಿನ್ ನಿಂತ್ರ ನನ್ನ ಪಾಟ್ಲಿ ಹ್ವಾದಂಗ."

"ನೀಲಾ," ಎಂದ ನಿಜಗುಣಪ್ಪ, ಕೈ ಮುಗಿಯುವುದೊಂದು ಬಾಕಿ. "ದರ ಐತಿ ಈಗ. ಬೆಳಿಗ್ಗೆದ್ದು ಯಾರಿಗರ ಮಾರಿಬಿಡು."

"ಮಾರಾಂಗಿಲ್ರಿ. ಈಗ ಮಾಸ್ತರ ಮನ್ಯಾಗ ಭಂಡಾರ ಮುಟ್ಟಿ ಆಣಿ ಮಾಡೇ ಬಂದೇನಿ," ಎಂದಳು ನೀಲಾ. "ನೀವು ಹಿಟ್ಟಿನ ಕೈಲೆ ಮುಟ್ಟಿದ್ರಂತ, ಅನ್ನಪೂರ್ಣಕ್ಕ ಹೇಳಿದ್ಲು. ದೇವಿ ಭಂಡಾರ ಹಂಗ ಮುಟ್ಟತಾರೇನ್ರಿ? ನಾ ಸಾಬಾಣ ಹಚ್ಚಿ ಎರಡ ಸಲ ಕೈ ತೊಳಕೊಂಡ ಮುಟ್ಟೇನಿ."