ಓ ನೆಗೆಟಿವ್ ಮಾವ

ನನ್ನ ಸೋದರಮಾವನಿಗೆ ನೆಂಟರೆಂದರೆ ಅಷ್ಟಕ್ಕಷ್ಟೇ. ಸ್ವಂತ ಅಕ್ಕನ ಮಗಳಾದ ನನ್ನ ಹೆಸರು ಅವರ ಬಾಯಲ್ಲಿ ಸರಿಯಾಗಿ ಬಂದದ್ದೇ ನಾನು ಕಾಲೇಜು ಸೇರಿದ ಮೇಲೆ! ಅಲ್ಲಿಯತನಕ ನನ್ನನ್ನು ತಂಗಿಯ ಹೆಸರಿನಿಂದಲೂ ತಂಗಿಯನ್ನು ಪಕ್ಕದ ಮನೆಯವಳ ಹೆಸರಿನಿಂದಲೂ ಕರೆದು ಸುಧಾರಿಸುತ್ತಿದ್ದರು. ಕಾಲೇಜಿನ ರಕ್ತದಾನ ಶಿಬಿರದಲ್ಲಿ ನನ್ನದು ಓ ನೆಗೆಟಿವ್ ಎಂದು ಗೊತ್ತಾಯಿತು ನೋಡಿ, ಅವತ್ತೇ ಸಂಜೆ ಒಂಟಿಕೊಪ್ಪಲಿನಿಂದ ಎರಡು ಕೆಜಿ ದಾಳಿಂಬೆ ಹೊತ್ತು ಓಡಿಬಂದರು.

"ಹಿಮೋಗ್ಲೋಬಿನ್ ಎಷ್ಟಮ್ಮ?"

"ಹನ್ನೊಂದು ಮಾವ. ಅದಕ್ಕೇ ರಕ್ತ ತಗೊಳ್ದೆ ವಾಪಸ್ ಕಳಿಸಿದ್ರು."

"ಅಯ್ಯೋ! ಹನ್ನೊಂದು ಇಟ್ಕೊಂಡು ನಗ್ತಾ ಕೂತಿದ್ದೀಯಲ್ಲೇ!"

ಮಾವನದೂ ಅದೇ ಗುಂಪು. "ನಮ್ಮ ರಕ್ತ ಎಲ್ರಿಗೂ ಆಗುತ್ತೆ, ಎಲ್ರ ರಕ್ತ ನಮಗಾಗಲ್ಲ. ಇದ್ಯಾವ ನ್ಯಾಯ ಕಣಮ್ಮ?" ಎಂದು ಅವತ್ತು ಕೇಳಿದರು. ನನಗೂ ಆ ಭಯ ಅಂಟಿತು. ಈರುಳ್ಳಿ ಹೆಚ್ಚುವ ಕೆಲಸವನ್ನು ತಂಗಿಗೆ ಬಿಟ್ಟೆ.

ಮಾವನ ಭಯಕ್ಕೆ ಕಾರಣವಿತ್ತು. ಹರೆಯದಲ್ಲಿ ಅವರ ಹೊಟ್ಟೆಯ ಹುಣ್ಣು ಒಡೆದು ಜೀವ ಹೋಗುವಂತಾಗಿತ್ತಂತೆ. ಯಾರೋ ಅಪರಿಚಿತರು ಬಂದು ರಕ್ತ ಕೊಟ್ಟು, ಹೆಸರೂ ಹೇಳದೆ ಹೋಗಿಬಿಟ್ಟರು. ಮಾವ ಎಷ್ಟು ಹುಡುಕಿದರೂ ಸಿಗಲಿಲ್ಲ. ಕೊನೆಗೆ, ಓ ನೆಗೆಟಿವ್ ಆದವರು ಯಾರು ಬೇಕಾದರೂ ಅವರೇ ಇರಬಹುದಲ್ಲ ಎಂದುಕೊಂಡು, ಸಿಕ್ಕ ಸಿಕ್ಕವರನ್ನೆಲ್ಲ ಹಿಡಿದು ಒಟ್ಟುಮಾಡಿದರು. ಹೂಟಗಳ್ಳಿ ಕಾರ್ಖಾನೆಯ ಒಬ್ಬ ಫಿಟ್ಟರ್, ರಾಮಕೃಷ್ಣನಗರದ ನೃತ್ಯದ ಮೇಡಂ, ಮೆಸ್ಸಿನ ಅಡುಗೆಯವರು, ಹೀಗೆ ನನ್ನನ್ನೂ ಸೇರಿಸಿ ಹನ್ನೊಂದು ಜನ. ಎಲ್ಲರಿಗೂ ಬೆಳಗಾದರೆ ಫೋನು: "ಸೊಪ್ಪು ತಿಂದ್ರಾ? ರಸ್ತೆ ನೋಡ್ಕೊಂಡು ದಾಟಿದ್ರಾ?" ಅತ್ತೆಗೆ ಜ್ವರ ಬಂದಾಗಲೂ ಇಷ್ಟು ವಿಚಾರಿಸಿದವರಲ್ಲ. ಪಾಪ, ಅವರದು ಎ ಪಾಸಿಟಿವ್!

ನೃತ್ಯದ ಮೇಡಂ ಮಗಳ ಮದುವೆಗೆ ನಂಜನಗೂಡಿಗೆ ಹೊರಟಾಗ ನಮ್ಮನ್ನು ಒಂದೇ ಬಸ್ಸು ಹತ್ತಲು ಬಿಡಲಿಲ್ಲ. "ಬಸ್ಸು ಪಲ್ಟಿ ಹೊಡೆದ್ರೆ?" ಮೂರು ಬಸ್ಸಿನಲ್ಲಿ ಹಂಚಿ ಕಳಿಸಿದರು. ಮೂರನೆಯದರಲ್ಲಿದ್ದ ನಮಗೆ ಸಿಕ್ಕಿದ್ದು ತಾಂಬೂಲ ಮಾತ್ರ.

ಒಮ್ಮೆ ಟೀವಿಯಲ್ಲಿ ಯಾವುದೋ ದೂರದೇಶದ ರಕ್ತ ಕುಡಿಯುವ ಬಾವಲಿಗಳನ್ನು ತೋರಿಸಿದರಂತೆ. ಒಂದು ಹಸಿದು ಬಂದರೆ, ಹೊಟ್ಟೆ ತುಂಬಿದ ಇನ್ನೊಂದು ತಾನು ಕುಡಿದದ್ದನ್ನೇ ಕಕ್ಕಿ ಕೊಡುತ್ತದೆ. ಮುಂದೆ ಇದು ಹಸಿದ ದಿನ ಅದು ಕೊಡುತ್ತದೆ. ಬಂಧುಬಳಗವೇ ಆಗಬೇಕೆಂದಿಲ್ಲ, ಜೊತೆಗಿದ್ದು ಪರಿಚಯವಾದರೆ ಸಾಕು! ಮಾವನ ಸಂತೋಷ ಕೇಳಬೇಕೆ? ಭಾನುವಾರ ಬೆಳಿಗ್ಗೆ ನಮ್ಮನ್ನೆಲ್ಲ ಕೆರೆ ಪಕ್ಕದ ಮರದಡಿ ನಿಲ್ಲಿಸಿ, ಮೇಲೆ ಜೋತಾಡುತ್ತಿದ್ದ ಬಾವಲಿಗಳನ್ನು ತೋರಿಸಿದರು. "ನೋಡಿ, ಇವರೇ ನಮ್ಮವರು!"

"ಸಾರ್, ಇವು ಹಣ್ಣು ತಿನ್ನೋವು," ಎಂದರು ಅಡುಗೆಯವರು ಮೆಲ್ಲಗೆ.

"ಇರ್ಲಿ ಬುಡಿ, ಹಣ್ಣು ತಿಂದ್ರೇ ರಕ್ತ ಆಗೋದು!"

ಫಿಟ್ಟರ್ ಮಾತ್ರ ಮಾವನಿಗೆ ಬಗ್ಗಲಿಲ್ಲ. ಹೆಲ್ಮೆಟ್ ಇಲ್ಲದೆ ಬೈಕ್ ಓಡಿಸುತ್ತಾರೆಂದು ಮಾವ ಹೊಸ ಹೆಲ್ಮೆಟ್ ಹಿಡಿದು ಕಾರ್ಖಾನೆ ಗೇಟಿನಲ್ಲೇ ಕಾದು ನಿಂತರು.

"ನನ್ ತಲೆ, ನನ್ನಿಷ್ಟ ಕಣ್ರೀ!"

"ತಲೆ ನಿಮ್ದೇ ಸಾರ್. ಒಡೆದ್ರೆ ಸುರಿಯೋ ರಕ್ತ ನಮ್ದು!"

ಜೊತೆಯವರೆಲ್ಲ ಗೊಳ್ಳೆಂದರು. ಫಿಟ್ಟರ್ ಹೆಲ್ಮೆಟ್ಟನ್ನೇನೋ ತೆಗೆದುಕೊಂಡರು, ಮಾವನ ನಂಬರನ್ನು ಅವತ್ತೇ ಬ್ಲಾಕ್ ಮಾಡಿದರು.

ನನ್ನ ಮದುವೆಯಾಯಿತು, ಬಸುರಿಯಾದೆ. ನಿದ್ದೆ ಕೆಟ್ಟದ್ದು ಮಾವನಿಗೆ! ಅದೇ ವರ್ಷ ಅವರಿಗೆ ಅರವತ್ತೈದು ತುಂಬಿ, ಇನ್ನು ರಕ್ತ ಕೊಡುವಂತಿರಲಿಲ್ಲ. "ಜೋರಾಗಿ ಸೀನಬೇಡ ಕಣಮ್ಮ," ಎಂದು ಫೋನಿನಲ್ಲಿ ಹೇಳುವರು. ನಾನು ನಗುತ್ತಿದ್ದೆ, ಫೋನಿಟ್ಟ ಮೇಲೆ ಹೊಟ್ಟೆ ಹಿಡಿದು ಸುಮ್ಮನೆ ಕೂರುತ್ತಿದ್ದೆ.

ದಿನ ತುಂಬಿ, ಒಂದು ಮಧ್ಯಾಹ್ನ ಹೆರಿಗೆಯಾಯಿತು. ಹೆಣ್ಣು. ಅಳು ಕೇಳಿ ಸಮಾಧಾನಪಡುವಷ್ಟರಲ್ಲಿ ಡಾಕ್ಟರ ಮುಖ ಬದಲಾಯಿತು. ರಕ್ತ ನಿಲ್ಲಲೊಲ್ಲದು. ಕಾಲು ತಣ್ಣಗಾಗುತ್ತಿದ್ದುದು ನನಗೆ ನೆನಪಿದೆ, ಮುಂದಿನದು ಅಮ್ಮ ಹೇಳಿದ್ದು. ರಕ್ತನಿಧಿಯವರು ತಮ್ಮಲ್ಲಿದ್ದ ಎರಡು ಬಾಟಲಿ ಕೊಟ್ಟು, ಇನ್ನೆರಡು ಬೇಕಾದೀತು, ದಾನಿಗಳನ್ನು ಬೇಗ ಕರೆತನ್ನಿ ಎಂದರಂತೆ. ಮಾವ ಆಗಲೇ ಅಂಗಿಯ ತೋಳು ಮಡಚಿ ಕೂತಿದ್ದರು.

"ಅರವತ್ತೈದಾಗಿದೆ, ಆಗಲ್ಲ ಸಾರ್."

"ಶಾಲೆ ಮೇಷ್ಟ್ರು ಎರಡು ವರ್ಷ ಜಾಸ್ತಿ ಬರೆದ್ಬುಟ್ರು ಕಣ್ರೀ! ನಂಗಿನ್ನೂ ಅರವತ್ಮೂರೇ! ತಗೊಳ್ರೀ!"

ಯಾರೂ ನಗಲಿಲ್ಲ. ಮಾವ ಎದ್ದು ಫೋನು ಹಿಡಿದರು. ನೃತ್ಯದ ಮೇಡಂ ಹೋದ ತಿಂಗಳಷ್ಟೇ ರಕ್ತ ಕೊಟ್ಟಿದ್ದರು. ಇನ್ನೊಬ್ಬರು ಊರಲ್ಲಿಲ್ಲ. ಅಡುಗೆಯವರಿಗೆ ಜ್ವರ. ಉಳಿದವರಲ್ಲಿ ಒಬ್ಬೊಬ್ಬರದು ಒಂದೊಂದು ತೊಡಕು. ಫಿಟ್ಟರ್‌ಗೆ ಕರೆ ಹೋಗಲೇ ಇಲ್ಲ. ಮಾವನ ಫೋನು ಕೈಜಾರಿ ಕೆಳಗೆ ಬಿತ್ತು. ನನ್ನ ಗಂಡ ತಮ್ಮ ಫೋನಿನಿಂದ ಅದೇ ನಂಬರಿಗೆ ಮಾಡಿದರು.

ಅರ್ಧ ಗಂಟೆಯಲ್ಲಿ ಫಿಟ್ಟರ್ ಕಾರ್ಖಾನೆಯ ಯೂನಿಫಾರಮ್ಮಿನಲ್ಲೇ ಬಂದು ನಿಂತರು. "ಹೆಲ್ಮೆಟ್ ಹಾಕ್ಕೊಂಡೇ ಬಂದ್ಬುಟ್ಟೆ ಸಾರ್, ಬೈಬೇಡಿ. ಎಲ್ಲಿ ಮಲಗ್ಬೇಕು ಹೇಳಿ." ಅವರ ಹಿಂದೆಯೇ ಇನ್ನೊಬ್ಬರು, ನಮ್ಮ ಹನ್ನೊಂದರಲ್ಲಿ ಇಲ್ಲದವರು. ಜ್ವರದಲ್ಲಿ ಮಲಗಿದ್ದ ಅಡುಗೆಯವರು ತಮ್ಮ ಮೆಸ್ಸಿಗೆ ಬರುವವರಿಗೆಲ್ಲ ಫೋನು ಮಾಡಿ, ಹೇಗೋ ಹುಡುಕಿ ಕಳಿಸಿದ್ದರು.

ಸಂಜೆ ನಾನು ಕಣ್ಣು ಬಿಟ್ಟಾಗ ಕೈಗೆ ಅವರಲ್ಲೊಬ್ಬರ ರಕ್ತ ಇಳಿಯುತ್ತಿತ್ತು. ನರ್ಸ್ ಬಂದು ಮಗುವಿನ ಗುಂಪು ಹೇಳಿ ಹೋದರು. ಪಾಸಿಟಿವ್. ನಮ್ಮ ಬಳಗದ ಹನ್ನೆರಡನೆಯವಳಿಗಾಗಿ ಮಾವ ಒಂಬತ್ತು ತಿಂಗಳು ಕಾದಿದ್ದರೆಂದೇ ನಾವೆಲ್ಲ ತಿಳಿದಿದ್ದೆವು.

"ಪಾಸಿಟಿವ್ ಅಂತೆ ಮಾವ," ಎಂದೆ, ತಪ್ಪೊಪ್ಪಿಕೊಳ್ಳುವವಳ ಹಾಗೆ.

ಮಾವ ಸ್ಟೂಲಿನ ಮೇಲೆ ಕುಸಿದು ಕೂತರು. ಮಗುವಿನ ಪಾದವನ್ನು ಎರಡು ಬೆರಳಲ್ಲಿ ಹಿಡಿದು ಬಿಕ್ಕಿ ಬಿಕ್ಕಿ ಅತ್ತರು.

"ಸದ್ಯ ಕಣಮ್ಮ! ಇಷ್ಟು ವರ್ಷ ದಿನಾ ಹೆದರ್ಕೊಂಡೇ ಎದ್ದಿದ್ದೀನಿ. ನಿನಗೂ ಅದನ್ನೇ ಅಂಟಿಸ್ಬುಟ್ಟೆ. ಇವಳಿಗೆ ಬೇಡ. ಇವಳು ಮರ ಹತ್ಲಿ, ಬೀಳ್ಲಿ, ಮೊಣಕಾಲು ತರಚ್ಕೊಳ್ಲಿ."