ಚೆಂಡೆ ಅಂಕಲ್ ಮತ್ತು ನೋಂದಣಿ ಪುಸ್ತಕ

ಮೆಲ್ಬರ್ನಿನ ವಿಂಡಮ್ ವೇಲ್ ಕನ್ನಡ-ತುಳು ಬಳಗದಲ್ಲಿ 2008ನೇ ಇಸವಿಯ ಮಾರ್ಚ್ ಅಂತ್ಯಕ್ಕೆ ನಲವತ್ತೊಂದು ಮಂದಿ ಅಂಕಲ್‌ಗಳಿದ್ದು, ಅವರಲ್ಲಿ ಹದಿನಾಲ್ಕು ಮಂದಿಗೆ ಮಾತ್ರ ಹೆಸರಿತ್ತು. ಉಳಿದವರು ಹಿಡಿದ ಕೆಲಸದಿಂದಲೋ ಇರುವ ಬಡಾವಣೆಯಿಂದಲೋ ಪುಳಿಯೋಗರೆ ಅಂಕಲ್, ವ್ಯಾನ್ ಅಂಕಲ್, ಮೈಕ್ ಅಂಕಲ್, ಚೆಂಡೆ ಅಂಕಲ್, ಕ್ರಾನ್‌ಬರ್ನ್ ಅಂಕಲ್ ಎಂದು ಕರೆಸಿಕೊಂಡು ಸುಖವಾಗಿದ್ದರು. ದೊಡ್ಡವರ ಹೆಸರು ಕೇಳಬಾರದು ಎಂದು ಬಳಗದ ಬೈಲಾದಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಬರೆದಿದ್ದ ನಿಯಮಗಳನ್ನು ಎಲ್ಲರೂ ಮುರಿಯುತ್ತಿದ್ದರು, ಇದೊಂದನ್ನು ಮಾತ್ರ ಯಾರೂ ಮುರಿದಿರಲಿಲ್ಲ.

ಮುರಿದವಳು ಸುಪ್ರೀತಾ. ಅವಳು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ದಿನವಿಡೀ ಬಂದವರ ಹೆಸರು, ಹುಟ್ಟಿದ ದಿನಾಂಕ ಕೇಳುವುದೇ ಅವಳ ಉದ್ಯೋಗ. ಅಷ್ಟು ಹೇಳದವರ ಹಲ್ಲನ್ನು ಅಲ್ಲಿ ಯಾರೂ ಮುಟ್ಟುತ್ತಿರಲಿಲ್ಲ. ಹೀಗಾಗಿ, ಸೆಪ್ಟೆಂಬರ್ ರಜೆಯಲ್ಲಿ ಎರಡು ರಾತ್ರಿ ಮೂರು ಹಗಲಿನ ಚಿಣ್ಣರ ಶಿಬಿರ ನಡೆಯಲಿದೆ, ತಂದೆತಾಯಿಗಳಿಗೆ ಪ್ರವೇಶವಿಲ್ಲ, ಸಂಪೂರ್ಣ ಉಸ್ತುವಾರಿ ಚೆಂಡೆ ಅಂಕಲ್ ಅವರದು ಎಂಬ ಪ್ರಕಟಣೆ ಬಂದಾಗ ಅವಳ ಬಾಯಿಗೆ ಮೊದಲು ಬಂದದ್ದು ಅಭ್ಯಾಸದ ಪ್ರಶ್ನೆಯೇ. ಅದಕ್ಕೂ ಮೊದಲು ಎಂಟು ವರ್ಷದ ಮಗಳು ಪ್ರಾರ್ಥನಾ ಕೇಳಿಬಿಟ್ಟಿದ್ದಳು.

"ಅಮ್ಮಾ, ವಾಟ್ಸ್ ಹಿಸ್ ರಿಯಲ್ ನೇಮ್?"

ಸುಪ್ರೀತಾಳಿಗೆ ಗೊತ್ತಿರಲಿಲ್ಲ. ಮಗಳನ್ನು ಎರಡು ರಾತ್ರಿ ಯಾರ ಕೈಗೆ ಒಪ್ಪಿಸುತ್ತಿದ್ದೇನೆ ಎಂಬುದೇ ಗೊತ್ತಿಲ್ಲ ಎಂದು ಹೊಳೆದದ್ದೇ ತಡ, ಅವಳು ಅಕ್ಕನಿಗೆ ಫೋನ್ ಮಾಡಿದಳು.

ಅಮೆರಿಕದಲ್ಲಿದ್ದ ಅಕ್ಕ ನವ್ಯಾ ಫೋನಿನಲ್ಲಿ ಧೈರ್ಯ ತುಂಬಿದಳು. "ಅದಕ್ಯಾಕೆ ಒದ್ದಾಡ್ತೀಯ? ನಮ್ಮ ಕೌಂಟಿ ವೆಬ್‌ಸೈಟಲ್ಲಿ ಲಿಸ್ಟೇ ಇದೆ. ಮಕ್ಕಳ ವಿಷಯದಲ್ಲಿ ಕೆಟ್ಟ ಕೆಲಸ ಮಾಡಿ ಶಿಕ್ಷೆ ಆದೋರದ್ದು. ಹೆಸರು ಹಾಕು, ಇಲ್ಲ ಅಡ್ರೆಸ್ ಹಾಕು, ಸರ್ಚ್ ಒತ್ತು. ಮನೆ ತಗೊಳ್ಳುವಾಗ ನಾವು ಕಿಚನ್‌ಗಿಂತ ಮೊದಲು ಅದನ್ನೇ ನೋಡಿದ್ದು."

ಸುಪ್ರೀತಾ ಕಂಪ್ಯೂಟರಿನ ಮುಂದೆ ಎರಡು ಗಂಟೆ ಕೂತು ಹುಡುಕಿದಳು. ಇಲ್ಲಿ ಅಂಥ ಪುಟವೇ ಸಿಗಲಿಲ್ಲ. ಮರುದಿನ ಪೊಲೀಸ್ ಸ್ಟೇಷನ್ನಿಗೆ ಹೋದಳು. ಕೌಂಟರಿನಲ್ಲಿದ್ದ ಹೆಂಗಸು ಸಮಾಧಾನವಾಗಿ ತಿಳಿಸಿ ಹೇಳಿದಳು: ಇಲ್ಲಿಯೂ ಪಟ್ಟಿ ಇದೆ, ಆದರೆ ಅದು ಪೊಲೀಸರಿಗೆ ಮಾತ್ರ, ಸಾರ್ವಜನಿಕರು ಹುಡುಕುವಂತಿಲ್ಲ. ನೀನು ಮಾಡಬೇಕಾದ್ದು ಸುಲಭ. ಮಕ್ಕಳ ಜೊತೆ ಕೆಲಸ ಮಾಡುವವರಿಗೆ ಸರ್ಕಾರ ಹಿನ್ನೆಲೆ ತನಿಖೆ ಮಾಡಿ ಒಂದು ಕಾರ್ಡ್ ಕೊಡುತ್ತದೆ, ಆತನ ಕಾರ್ಡ್ ತೋರಿಸಲು ಹೇಳು. ಅಂದಹಾಗೆ ಆತನ ಹೆಸರೇನು?

"ಚೆಂಡೆ ಅಂಕಲ್," ಎಂದು ಹೇಳಿ ಸುಪ್ರೀತಾ ನಾಚಿಕೊಂಡು ಹೊರಗೆ ಬಂದಳು.

ಬಳಗದ ಅಧ್ಯಕ್ಷರಾದ ಕಾಂತಪ್ಪ ಉಡುಪಿ ಕಡೆಯವರು, ನಿವೃತ್ತ ಲೆಕ್ಚರರ್. ಕಾರ್ಯದರ್ಶಿ ಇಂದ್ರೇಶ್ ಹಾಸನದಿಂದ ಓದಲು ಬಂದು ಇಲ್ಲೇ ನಿಂತವನು. ಇಬ್ಬರೂ ಕಮ್ಯುನಿಟಿ ಹಾಲಿನಲ್ಲಿ ಕಾಫಿ ಕುಡಿಯುತ್ತಿದ್ದಾಗ ಸುಪ್ರೀತಾ ವಿಷಯ ಎತ್ತಿದಳು.

"ಕಾರ್ಡ್ ಕೇಳುವುದಾ?" ಕಾಂತಪ್ಪ ಲೋಟ ಕೆಳಗಿಟ್ಟರು. "ಎಂತ ಸುಪ್ರೀತಾ ನೀನು! ಅವರು ಎಷ್ಟು ದೊಡ್ಡ ಮನುಷ್ಯರು ಗೊತ್ತುಂಟಾ?"

"ಗೊತ್ತಿಲ್ಲ ಅಂಕಲ್, ಅದಕ್ಕೇ ಕೇಳ್ತಿದೀನಿ. ಅವರ ಹೆಸರೇನು?"

ಕಾಂತಪ್ಪ ಇಂದ್ರೇಶನ ಮುಖ ನೋಡಿದರು. "ಹೇಳು ಇಂದ್ರೇಶ. ನಿನ್ನ ಕಡೆಯವರಲ್ವಾ?"

"ನನ್ನ ಕಡೆಯೋರಾ? ನೀವೇ ಅಲ್ವಾ ಸಾರ್ ಕರ್ಕೊಂಡು ಬಂದಿದ್ದು?"

"ಕಾರಲ್ಲಿ ಕರ್ಕೊಂಡು ಬಂದದ್ದು ಹೌದು. ನಿನ್ನ ಮನೆ ಗೇಟಿನ ಹತ್ರ ಚೆಂಡೆ ಹಿಡ್ಕೊಂಡು ನಿಂತಿದ್ರಲ್ಲ ಮಾರಾಯ. ನಿನ್ನ ಮಾವ ಅಂತ ಮಾಡಿದೆ."

"ನಾನು ನಿಮ್ಮನ್ನ ಕಾಯ್ತಿದಾರೆ ಅಂದ್ಕೊಂಡೆ ಸಾರ್. ಸಿಡ್ನಿಯಿಂದ ಬಂದೆ ಅಂದ್ರು. ಒಳಗೆ ಕರೆದು ಉಪ್ಪಿಟ್ಟು ಕೊಟ್ಟೆ."

ಆಮೇಲೆ ಇಂದ್ರೇಶ್ ನಡಾವಳಿ ಪುಸ್ತಕ ತೆರೆದು, "ಸದರಿಯವರು ಅಧ್ಯಕ್ಷರಿಗೂ ಕಾರ್ಯದರ್ಶಿಗೂ ಸಮಾನವಾಗಿ ಪರಿಚಿತರು" ಎಂದು ದಾಖಲಿಸಿದ.

ಆದರೂ ಸದಸ್ಯೆಯೊಬ್ಬರ ಆತಂಕವನ್ನು ಕಡೆಗಣಿಸುವಂತಿರಲಿಲ್ಲ. ಸರ್ಕಾರದ ಪಟ್ಟಿಯಲ್ಲಿ ಹುಡುಕಲು ಅವಕಾಶವಿಲ್ಲದ ಕಾರಣ ಬಳಗವೇ ಒಂದು ನೋಂದಣಿ ಪುಸ್ತಕ ಇಡುವುದೆಂದೂ, ಅದರಲ್ಲಿ ಯಾರು ಬೇಕಾದರೂ ಹುಡುಕಬಹುದೆಂದೂ ಸಭೆ ತೀರ್ಮಾನಿಸಿತು. ಅದಕ್ಕಾಗಿ ಒಂದು ಉಪಸಮಿತಿಯಾಯಿತು. ಅಧ್ಯಕ್ಷರನ್ನು ಬಿಟ್ಟರೆ ವಾರದ ದಿನಗಳಲ್ಲಿ ಬಿಡುವಾಗಿರುವವರು ಅವರೊಬ್ಬರೇ ಆದ್ದರಿಂದ ಚೆಂಡೆ ಅಂಕಲ್ ಅವರನ್ನು ಉಪಸಮಿತಿಯ ಅಧ್ಯಕ್ಷರನ್ನಾಗಿ ನೇಮಿಸಲಾಯಿತು. ಮುಂದಿನ ಭಾನುವಾರ ಹಾಲಿನ ಫಲಕದಲ್ಲಿ, ತಿಂಡಿಯ ಮೆನುವಿನ ಪಕ್ಕ ಪ್ರಕಟಣೆ ಕಾಣಿಸಿತು.

"ಎಲ್ಲ ಸದಸ್ಯರ ಗಮನಕ್ಕೆ. ನೋಂದಣಿ ಪುಸ್ತಕದಲ್ಲಿ ಹುಡುಕಬಯಸುವವರು ನಮೂನೆ ಒಂದರಲ್ಲಿ, ಹುಡುಕಲ್ಪಡುವವರ ಪೂರ್ಣ ಹೆಸರಿನೊಂದಿಗೆ ಅರ್ಜಿ ಸಲ್ಲಿಸತಕ್ಕದ್ದು. ಖಾಸಗಿತನದ ಹಿತದೃಷ್ಟಿಯಿಂದ ಯಾರ ಪೂರ್ಣ ಹೆಸರನ್ನೂ ತಿಳಿಸಲಾಗುವುದಿಲ್ಲ. ಪಾರದರ್ಶಕತೆಯ ಹಿತದೃಷ್ಟಿಯಿಂದ ಅರ್ಜಿದಾರರ ಹೆಸರು, ವಿಳಾಸ ಹಾಗೂ ಭಾವಚಿತ್ರವನ್ನು ಸದರಿ ಪುಸ್ತಕದಲ್ಲಿಯೇ ನಮೂದಿಸಿ ಫಲಕದಲ್ಲಿ ಪ್ರದರ್ಶಿಸಲಾಗುವುದು."

ಸುಪ್ರೀತಾ ಅರ್ಜಿ ಹಿಡಿದು ಹೋದಳು. ಚೆಂಡೆ ಅಂಕಲ್ ಮೇಜಿನ ಹಿಂದೆ ಕನ್ನಡಕ ಏರಿಸಿಕೊಂಡು ಕೂತಿದ್ದರು. ಮುಖದಲ್ಲಿ ಸಿಟ್ಟೂ ಇಲ್ಲ, ನಗುವೂ ಇಲ್ಲ.

"ಯಾರನ್ನು ಹುಡುಕಬೇಕು ಅಮ್ಮ?"

"ನಿಮ್ಮನ್ನೇ ಅಂಕಲ್."

"ಆಗಬಹುದು. ಪೂರ್ಣ ಹೆಸರು?"

"ಅದನ್ನ ನೀವೇ ಹೇಳ್ಬೇಕು."

"ಹೇಳುವ ಹಾಗಿಲ್ಲ ಅಮ್ಮ, ನಿಯಮ ಉಂಟಲ್ಲ," ಎಂದು ಅವರು ವಿಷಾದದಿಂದ ತಲೆಯಾಡಿಸಿದರು. ಆದರೂ ಬಂದವಳನ್ನು ಬರಿಗೈಯಲ್ಲಿ ಕಳಿಸಬಾರದೆಂದು ಪುಸ್ತಕ ತೆರೆದು ಒಂದೊಂದೇ ಹಾಳೆ ಮಗುಚಿ ತೋರಿಸಿದರು. ಎಲ್ಲವೂ ಖಾಲಿ. "ನೋಡು, ಒಬ್ಬರೂ ಇಲ್ಲ." ಆಮೇಲೆ ಮೊದಲ ಹಾಳೆಗೆ ಮರಳಿ, ದುಂಡಗಿನ ಅಕ್ಷರದಲ್ಲಿ ಸುಪ್ರೀತಾಳ ಹೆಸರು, ವಿಳಾಸ ಬರೆದು, ಫೋಟೋ ಅಂಟಿಸಿ, "ಈಗ ಒಬ್ಬರು ಇದ್ದಾರೆ," ಎಂದರು.

ಸುಪ್ರೀತಾ ಸೋಲುವ ಪೈಕಿ ಅಲ್ಲ. ಕಾರ್ಡ್ ಎಂದರೆ ಮಹಾ ಅವಮಾನವೇನಲ್ಲ ಎಂದು ತೋರಿಸಲು ತಾನೇ ಅರ್ಜಿ ಹಾಕಿ ಕಾರ್ಡ್ ತರಿಸಿಕೊಂಡಳು. ಜುಲೈ ಸಭೆಯಲ್ಲಿ ಅದನ್ನು ಎತ್ತಿ ಹಿಡಿದು ಹೇಳಿದಳು: "ನೋಡಿ, ಒಂದು ಫಾರ್ಮ್, ಒಂದು ಫೋಟೋ, ಇಷ್ಟೇ! ನಾನು ಮಾಡಿಸಿದೀನಿ. ಅಂಕಲ್ಲೂ ಮಾಡಿಸಲಿ."

ಇಂದ್ರೇಶ್ ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದ. "ಅಂದ್ರೆ ಮೇಡಂ, ನಿಮ್ಮ ಪೊಲೀಸ್ ರೆಕಾರ್ಡ್ ತೆಗೆಸಿ ನೋಡಿದಾರೆ?"

"ಹೌದು, ಪೂರ್ತಿ."

"ಸಾರ್, ನಮ್ಮಲ್ಲಿ ಇನ್ಯಾರದ್ದಾದ್ರೂ ನೋಡಿದಾರಾ?"

"ಒಬ್ಬರದ್ದೂ ಇಲ್ಲ," ಎಂದರು ಕಾಂತಪ್ಪ ಹೆಮ್ಮೆಯಿಂದ. "ನಮ್ಮಲ್ಲಿ ಅಂಥ ಅಗತ್ಯ ಯಾರಿಗೂ ಬೀಳಲಿಲ್ಲ."

ಸಭೆಯಲ್ಲಿ ಗುಸುಗುಸು ಎದ್ದಿತು. ನೋಂದಣಿ ಪುಸ್ತಕದಲ್ಲಿ ಹೆಸರಿರುವ, ಮೇಲಾಗಿ ಸರ್ಕಾರದಿಂದ ತನಿಖೆಗೆ ಒಳಗಾಗಿರುವ ಏಕೈಕ ಸದಸ್ಯೆ ಎಂಬ ಅಂಶ ಎಲ್ಲರ ಮನಸ್ಸಿಗೂ ಒಟ್ಟಿಗೇ ಬಂತು. ಆಕೆಯ ಮೇಲೆ ಯಾರಿಗೂ ವೈಯಕ್ತಿಕ ದ್ವೇಷವಿಲ್ಲ ಎಂದು ಮೊದಲು ನಿರ್ಣಯಿಸಿ, ಅನಂತರ ನಿಯಮಾವಳಿಗೆ ತಿದ್ದುಪಡಿ ತರಲಾಯಿತು: ಪುಸ್ತಕದಲ್ಲಿ ಹೆಸರಿರುವವರು ಶಿಬಿರದ ಹಾಲಿನಿಂದ ಐವತ್ತು ಮೀಟರ್ ದೂರ ಇರತಕ್ಕದ್ದು.

ಅಂದು ಸುಪ್ರೀತಾ ಕಾರಿನಲ್ಲಿ ಕೂತು ಅತ್ತಳು. ಸಿಟ್ಟಿಗೆ ಬಂದ ಅಳು ಅದು. ಇಡೀ ಬಳಗದಲ್ಲಿ ಪರೀಕ್ಷೆ ಪಾಸಾದವಳು ತಾನೊಬ್ಬಳೇ, ಹೊರಗೆ ನಿಲ್ಲಬೇಕಾದವಳೂ ತಾನೇ.

ಮರುವಾರ ಇಂಡಿಯನ್ ಅಂಗಡಿಯಲ್ಲಿ ಕರಿಬೇವು ಆರಿಸುತ್ತಿದ್ದಾಗ ಬಳಗದ ನೀಲಾಂಬಿಕಾ ಎದುರಾದಳು. ಅವಳ ಮಗನೂ ಶಿಬಿರಕ್ಕೆ ಹೆಸರು ಕೊಟ್ಟಿದ್ದ. ಅವಳು ದೂರದಲ್ಲೇ ನಿಂತು, ದನಿ ತಗ್ಗಿಸಿ ಕೇಳಿದಳು: "ಬೇಜಾರ್ ಮಾಡ್ಕೋಬೇಡ್ರಿ. ಬೋರ್ಡಿನ ಮೇಲೆ ನಿಮ್ಮ ಫೋಟೋ ನೋಡಿದೆ. ಅಂಥಾದ್ದು ಏನ್ ಮಾಡಿದ್ರಿ?"

"ಚೆಂಡೆ ಅಂಕಲ್ ಹೆಸರೇನು ಅಂತ ಕೇಳಿದೆ."

"ಅಷ್ಟ?" ನೀಲಾಂಬಿಕಾ ನಗಲು ಹೋಗಿ ತಡೆದಳು. ಕೈಯಲ್ಲಿದ್ದ ಕರಿಬೇವನ್ನು ಮೆಲ್ಲಗೆ ಬುಟ್ಟಿಗೆ ಹಾಕಿದಳು. "ಹೌದಲ್ರೀ. ಏನು ಅವರ ಹೆಸರು?"

ಆ ವಾರ ನಮೂನೆ ಒಂದರಲ್ಲಿ ಎರಡನೆಯ ಅರ್ಜಿ ಬಂತು. ಅದರ ಹಿಂದೆಯೇ ಒಂಬತ್ತು ಬಂದವು. ಚೆಂಡೆ ಅಂಕಲ್ ಎಲ್ಲರನ್ನೂ ಕೂರಿಸಿ, ಪೂರ್ಣ ಹೆಸರು ಕೇಳಿ, ವಿಷಾದಿಸಿ, ಫೋಟೋ ಅಂಟಿಸಿದರು. ಸುಪ್ರೀತಾ ಎಲ್ಲರಿಗೂ ಫಾರ್ಮ್ ತುಂಬಿಕೊಟ್ಟು ಕಾರ್ಡ್ ಮಾಡಿಸಿದಳು. ಸೆಪ್ಟೆಂಬರ್ ಹೊತ್ತಿಗೆ ಪುಸ್ತಕದಲ್ಲಿ ಇಪ್ಪತ್ತಾರು ತಾಯಂದಿರ ಹೆಸರುಗಳಿದ್ದು, ಶಿಬಿರಕ್ಕೆ ಬರಬೇಕಿದ್ದ ಒಂದು ಮಗುವಿನ ತಾಯಿಯೂ ಹೊರಗುಳಿದಿರಲಿಲ್ಲ. ಬಳಗದಲ್ಲಿ ಇಷ್ಟೊಂದು ಮಂದಿ ಅಪಾಯಕಾರಿ ಮಹಿಳೆಯರಿದ್ದರೆಂದು ಗೊತ್ತೇ ಇರಲಿಲ್ಲ, ಸಕಾಲದಲ್ಲಿ ಪತ್ತೆಯಾಯಿತು ಎಂದು ಕಾಂತಪ್ಪ ಉಪಸಮಿತಿಯನ್ನು ಅಭಿನಂದಿಸಿದರು.

ಶಿಬಿರದ ಬೆಳಿಗ್ಗೆ ಇಂದ್ರೇಶ್ ಹಾಲಿನ ಹೊಸ್ತಿಲಿನಿಂದ ಟೇಪ್ ಹಿಡಿದು ಐವತ್ತು ಮೀಟರ್ ಅಳೆದು, ಹುಲ್ಲಿನ ಮೇಲೆ ರಂಗೋಲಿ ಪುಡಿಯಲ್ಲಿ ಗೆರೆ ಎಳೆದ. ಗೆರೆಯ ಆಚೆ ಪಾರ್ಕಿನ ಬಾರ್ಬೆಕ್ಯೂ ಚಪ್ಪರವಿತ್ತು. ಇಪ್ಪತ್ತಾರು ತಾಯಂದಿರು ನಿಯಮಕ್ಕೆ ತಲೆಬಾಗಿ ಗೆರೆಯಾಚೆ ನಿಂತರು. ಮಕ್ಕಳು ಅವರ ಕೈ ಹಿಡಿದುಕೊಂಡು ಅಲ್ಲೇ ನಿಂತರು. ಮಕ್ಕಳ ಬಗ್ಗೆ ತಿದ್ದುಪಡಿಯಲ್ಲಿ ಏನೂ ಹೇಳಿರಲಿಲ್ಲ. ಸುಪ್ರೀತಾ ಕಾರಿನ ಡಿಕ್ಕಿಯಿಂದ ಟೆಂಟುಗಳನ್ನೂ, ಒಂದು ಮೂಟೆ ಮುಸುಕಿನ ಜೋಳವನ್ನೂ ಇಳಿಸಿದಳು.

ಹಾಲಿನೊಳಗೆ ಶಿಬಿರ ವೇಳಾಪಟ್ಟಿಯ ಪ್ರಕಾರ ಆರಂಭವಾಯಿತು. ಹಾಜರಿ ಕರೆಯಲಾಗಿ ಸೊನ್ನೆ ಎಂದು ನಮೂದಾಯಿತು. ಸಿದ್ಧಪಡಿಸಿದ ಕಾರ್ಯಕ್ರಮ ವ್ಯರ್ಥವಾಗಬಾರದೆಂದು ಅಂಕಲ್‌ಗಳೇ ಭಾಗವಹಿಸಿದರು. ರಟ್ಟಿನ ಕಿರೀಟ ಮಾಡುವ ಸ್ಪರ್ಧೆಯಲ್ಲಿ ವ್ಯಾನ್ ಅಂಕಲ್‌ಗೆ ಪ್ರಥಮ ಬಹುಮಾನ, ಕಪ್ಪೆ ಓಟದಲ್ಲಿ ಮೈಕ್ ಅಂಕಲ್‌ಗೆ ಸಮಾಧಾನಕರ ಬಹುಮಾನ ಬಂತು. ಮೂರೂ ದಿನ ಯಾವ ಮಗುವಿಗೂ ಯಾವ ತೊಂದರೆಯೂ ಆಗಲಿಲ್ಲವೆಂದು ವರದಿ ಸಿದ್ಧವಾಯಿತು. ಸಿಡ್ನಿಯ ರೌಸ್ ಹಿಲ್‌ನ ಬಳಗ ನಿಯಮಾವಳಿಯ ಒಂದು ಪ್ರತಿ ಕಳುಹಿಸುವಂತೆ ಪತ್ರ ಬರೆಯಿತು.

ಕೊನೆಯ ದಿನ ಚೆಂಡೆ ಅಂಕಲ್‌ಗೆ ಸನ್ಮಾನ. ಎಲ್ಲರಿಗೂ ಕಾಣಲೆಂದು ಹಾಲಿನ ಮೆಟ್ಟಿಲ ಮೇಲೆಯೇ ಏರ್ಪಾಡಾಗಿತ್ತು. ಕಾಂತಪ್ಪ ಶಾಲು ಹೊದಿಸಿ, ಪೇಟ ಇಟ್ಟರು. ಇಂದ್ರೇಶ್ ಮೈಕಿನಲ್ಲಿ ಸನ್ಮಾನಪತ್ರ ಓದತೊಡಗಿ, "ಶ್ರೀಯುತ..." ಎಂದು ನಿಂತ. ಅಚ್ಚು ಹಾಕಿಸುವಾಗ ಹೆಸರು ತಿಳಿಯದೆ ಚುಕ್ಕೆ ಬಿಟ್ಟಿದ್ದರು. ಅವನು ಕಾಂತಪ್ಪನವರ ಮುಖ ನೋಡಿದ. ಕಾಂತಪ್ಪ ಚೆಂಡೆ ಅಂಕಲ್ ಮುಖ ನೋಡಿದರು. ಚೆಂಡೆ ಅಂಕಲ್ ವಿನಯದಿಂದ ನೆಲ ನೋಡುತ್ತಿದ್ದರು.

"ಶ್ರೀಯುತ ಚುಕ್ಕೆ ಚುಕ್ಕೆ ಚುಕ್ಕೆ ಅವರು," ಎಂದು ಇಂದ್ರೇಶ್ ಗಂಭೀರವಾಗಿ ಮುಂದುವರಿಸಿದ, "ನಮ್ಮೆಲ್ಲರಿಗೂ ಚಿರಪರಿಚಿತರು."

ಚಪ್ಪಾಳೆ ಬಿತ್ತು. ಮುಂದಿನ ವರ್ಷದ ಶಿಬಿರವೂ ಇವರ ಉಸ್ತುವಾರಿಯಲ್ಲೇ, ಇದೇ ಗೆರೆಯೊಂದಿಗೆ ನಡೆಯಬೇಕೆಂಬ ಸಲಹೆಗೆ ಗೆರೆಯ ಎರಡೂ ಕಡೆ ಕೈಗಳು ಎದ್ದವು. ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ಸುಪ್ರೀತಾ. ಐದು ತಿಂಗಳಲ್ಲಿ ಮೊದಲ ಸಲ ಅವಳ ಮನಸ್ಸು ಹಗುರವಾಗಿತ್ತು.

ಪ್ರಾರ್ಥನಾ ಅವಳ ಸೆರಗು ಜಗ್ಗಿದಳು. "ಅಮ್ಮಾ, ಸೋ ವಾಟ್ಸ್ ಹಿಸ್ ನೇಮ್?"

"ಗೊತ್ತಿಲ್ಲ ಪುಟ್ಟಿ. ಜೋಳ ತಿನ್ನು, ಗೆರೆ ದಾಟಬೇಡ."