ಸಂಕದ ಮೇಲಿನ ಗಟ್ಟಿಮೇಳ

ಸ್ಯಾಕ್ಸೊಫೋನ್ ಊದಿ ಸಮಾಜವನ್ನು ತಿದ್ದಬಹುದು ಎಂಬ ವಿಷಯದಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಬೆಳ್ಳಾರೆಯ ಸುತ್ತಮುತ್ತ ನಾನು ಊದದ ಮದುವೆ ಇಲ್ಲ. ನನ್ನ ವಾದ್ಯ ಕೇಳಿ ಜನ ತಾಳಿ ಕಟ್ಟಿದ್ದಾರೆ, ಮನೆ ಒಕ್ಕಲಾಗಿದ್ದಾರೆ, ಪಾಯಸಕ್ಕೆ ಎಲೆಯಲ್ಲಿ ಜಾಗ ಮಾಡಿಕೊಂಡಿದ್ದಾರೆ. ಇಷ್ಟೆಲ್ಲ ಮಾಡಿಸಿದವನಿಗೆ ಒಬ್ಬ ರಾಜಕಾರಣಿಯನ್ನು ನಾಚಿಸುವುದು ಯಾವ ಮಹಾ!

ಈ ಜ್ಞಾನೋದಯ ನನಗೆ ಆದದ್ದು ಆಟಿ ತಿಂಗಳಲ್ಲಿ, ಅಂದರೆ ನಮ್ಮ ಕಡೆಯ ಆಷಾಢದಲ್ಲಿ. ಆಟಿಯಲ್ಲಿ ಮದುವೆಯಿಲ್ಲ, ವಾದ್ಯದವನಿಗೆ ಮೊಬೈಲು ನೋಡುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಹಾಗೆ ನೋಡುವಾಗ ಜಾಝ್ ಎಂಬ ಸಂಗೀತ ಕಿವಿಗೆ ಬಿತ್ತು. ಎಲ್ಲೋ ದೂರದ ದೇಶದಲ್ಲಿ ಒಬ್ಬ ಮನುಷ್ಯ, ನನ್ನದೇ ವಾದ್ಯ ಹಿಡಿದು, ತನ್ನವರಿಗಾದ ಅನ್ಯಾಯವನ್ನು ಊದುತ್ತಿದ್ದ. ಒಂದು ಮಾತೂ ಇಲ್ಲ. ಆದರೂ ಮುಗಿಯುವಾಗ ನನ್ನ ಕಣ್ಣು ಒದ್ದೆಯಾಗಿತ್ತು. ಅದೇ ವಾದ್ಯದಿಂದ ನಾನು ಇಷ್ಟು ವರ್ಷ ಜನರನ್ನು ಊಟದ ಪಂಕ್ತಿಗೆ ಕಳುಹಿಸುತ್ತಿದ್ದೆನಲ್ಲ ಎಂದು ನಾಚಿಕೆಯಾಯಿತು.

ಅನ್ಯಾಯವನ್ನು ಹುಡುಕಿಕೊಂಡು ನಾನು ದೂರ ಹೋಗಬೇಕಾಗಿರಲಿಲ್ಲ. ಕಡಬದ ಹತ್ತಿರ ರಬ್ಬರು ಮಾಡಿಕೊಂಡಿರುವ ನನ್ನ ಗೆಳೆಯ ಮತ್ತಾಯಿ ಚೇಟನ ಮನೆಯೆದುರೇ ಅದು ಹರಿಯುತ್ತಿತ್ತು. ಚೇಟ ಎಂದರೆ ಮಲಯಾಳದಲ್ಲಿ ಅಣ್ಣ; ಅವರ ಅಪ್ಪನ ಕಾಲದಲ್ಲಿ ಕೇರಳದಿಂದ ಬಂದ ಕುಟುಂಬ. ಚೇಟ ಚರ್ಚಿನಲ್ಲಿ ಡ್ರಮ್ ಬಾರಿಸುವವರು, ಮದುವೆಯ ಆರತಕ್ಷತೆಗಳಲ್ಲಿ ನನಗೆ ಜೊತೆಗಾರರು. ಅವರ ಮನೆಗೂ ರಸ್ತೆಗೂ ನಡುವೆ ಒಂದು ತೋಡು, ಅಂದರೆ ಸಣ್ಣ ಹಳ್ಳ. ತೋಡು ದಾಟಲು ಅಡಿಕೆ ಮರ ಅಡ್ಡ ಹಾಕಿ ಕಟ್ಟಿದ ಸಂಕ. ಸೇತುವೆ ಮಾಡಿಸಿಕೊಡುತ್ತೇನೆಂದು ಅಲ್ಲಿಯ ಮುಖಂಡರೊಬ್ಬರು ಚುನಾವಣೆಗೊಮ್ಮೆ ಬಂದು, ಈಚೆ ದಡದಲ್ಲಿಯೇ ನಿಂತು, ಕೈಮುಗಿದು ಹೋಗುತ್ತಿದ್ದರು.

ಹಿಂದಿನ ಮಳೆಗಾಲದಲ್ಲಿ ಚೇಟನ ಹೆಂಡತಿ ಏಲಿಯಮ್ಮನಿಗೆ ಎದೆನೋವು ಬಂತು. ಆಂಬುಲೆನ್ಸ್ ತೋಡಿನ ಈಚೆ, ರಸ್ತೆಯಲ್ಲೇ ನಿಂತಿತು. ಏಲಿಯಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಮುಂದೆ ನೆರೆಮನೆಯವರು, ಹಿಂದೆ ಚೇಟ, ಜಾರುವ ಸಂಕದ ಮೇಲೆ ಒಂದೊಂದೇ ಹೆಜ್ಜೆ ಇಟ್ಟು ದಾಟಿಸಿದರು. ಪುತ್ತೂರಿನ ಡಾಕ್ಟರು ಸ್ವಲ್ಪ ಮೊದಲು ತರಬೇಕಿತ್ತು ಎಂದರು. ಮಣ್ಣು ಮಾಡುವ ದಿನವೂ ಮಳೆ ಬಿಡಲಿಲ್ಲ, ತೋಡು ತುಂಬಿ ಹರಿಯುತ್ತಿತ್ತು, ಹೂ ಹಾಕಲು ಜನವೇ ಬರಲಾಗಲಿಲ್ಲ. ಅಂದಿನಿಂದ ಚೇಟ ಡ್ರಮ್ ಮುಟ್ಟಿರಲಿಲ್ಲ.

ನಾನು ಹೋಗಿ, ಸಾಮಾಜಿಕ ಮತ್ತು ರಾಜಕೀಯ ವಿಮರ್ಶೆಯುಳ್ಳ ಒಂದು ಜಾಝ್ ಆಲ್ಬಮ್ ಮಾಡುವ ಎಂದೆ. ಚೇಟ ತೋಡಿನ ಕಡೆಗೆ ಕೈ ತೋರಿಸಿದರು.

"ಮಾತು ಬೇಡ ಶೇಖರಣ್ಣ. ಮಾತು ಹೇಳಿ ಹೇಳಿ ಸಾಕಾಗಿ ಉಂಟು. ಬಾರಿಸುವ. ಆ ಮುಖಂಡರು ಒಂದು ಸಲ ಕೂತು ಕೇಳಿದರೆ ಸಾಕು."

ಮನೆಗೆ ಬಂದು ಹೆಂಡತಿ ಸುಶೀಲಳಿಗೆ ವಿಷಯ ತಿಳಿಸಿದೆ. ಅವಳು ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸದೆ ಕೇಳಿದಳು: "ಮಾತೇ ಇಲ್ಲದಿದ್ದರೆ ಬೈದದ್ದು ಅಂತ ಅವರಿಗೆ ಗೊತ್ತಾಗುದು ಹೇಗೆ?"

ಕಲೆಯ ಸೂಕ್ಷ್ಮಗಳು ಅಡುಗೆಮನೆಗೆ ಅರ್ಥವಾಗುವಂಥವಲ್ಲ ಎಂದು ನಾನು ಗಂಭೀರವಾಗಿ ಹೊರಗೆ ಬಂದೆ.

ಪುತ್ತೂರಿನ ದರ್ಬೆಯ ಒಂದು ಸಣ್ಣ ಸ್ಟುಡಿಯೋದಲ್ಲಿ ರೆಕಾರ್ಡಿಂಗ್ ಆಯಿತು. ಭರವಸೆಯ ಮೇಲೆ ಒಂದು, ರಸ್ತೆಯ ಗುಂಡಿಗಳ ಮೇಲೆ ಒಂದು, ಬಾರದ ಕರೆಂಟಿನ ಮೇಲೆ ಒಂದು. ಕೊನೆಯದು 'ಸಂಕ'. ಅದರಲ್ಲಿ ಚೇಟನ ಡ್ರಮ್ ಹೆಜ್ಜೆ ಹೆಜ್ಜೆಯಾಗಿ ಶುರುವಾಗುತ್ತದೆ. ನಟ್ಟನಡುವೆ ಕುರ್ಚಿ ವಾಲಿ ಏಲಿಯಮ್ಮ ಹಿಂದಿದ್ದ ಚೇಟನತ್ತ ಕೈ ಚಾಚಿದ ಜಾಗ ಬಂದಾಗ ಡ್ರಮ್ ಒಮ್ಮೆಲೇ ಹುಚ್ಚೆದ್ದು ಬಡಿಯುತ್ತದೆ, ನನ್ನ ಸ್ಯಾಕ್ಸೊಫೋನ್ ಉಸಿರು ಕಟ್ಟುವವರೆಗೆ ಮೇಲಿನ ಸ್ವರದಲ್ಲಿ ಕಿರುಚುತ್ತದೆ. ಬಾರಿಸಿ ಮುಗಿಸಿ ಚೇಟ ಅತ್ತರು. ನಾನೂ ಅತ್ತೆ. ಸ್ಟುಡಿಯೋದವನು ಮಾತ್ರ ಕಿವಿಯಿಂದ ಹೆಡ್‌ಫೋನ್ ತೆಗೆದು, ಇವುಗಳಲ್ಲಿ ಮದುವೆ ಮುಹೂರ್ತಕ್ಕೆ ಹಾಕುವುದು ಇದೇ ಅಲ್ಲವಾ ಎಂದು ವಿಚಾರಿಸಿದ. ಅಜ್ಞಾನಿ ಎಂದುಕೊಂಡೆ. ದೇವರು ಎಚ್ಚರಿಕೆ ಕೊಡುವಾಗ ಯಾರ ಬಾಯಿಂದ ಕೊಡುತ್ತಾನೆಂದು ಯಾರಿಗೆ ಗೊತ್ತು.

ಬಿಡುಗಡೆಗೆ ಕಡಬದಲ್ಲಿ ಒಂದು ಹಾಲ್ ಹಿಡಿದೆವು. ಆ ಮುಖಂಡರನ್ನೇ ಮುಖ್ಯ ಅತಿಥಿಯಾಗಿ ಕರೆಯುವುದು ನನ್ನ ತಂತ್ರ. ಜನ ಬರಬೇಕಲ್ಲ, ಅದಕ್ಕೆ ಊಟ ಇಟ್ಟದ್ದೂ ನನ್ನ ತಂತ್ರ. ದೀಪ ಬೆಳಗುವಾಗ ಹಾಕಲೆಂದು ಎಲ್ಲರ ಕೈಗೂ ಹೂವಿನ ಎಸಳು ಕೊಡಿಸಿದ್ದೂ ನಾನೇ. ಚೇಟ ಕೇಳಿದ್ದು ಒಂದೇ: ವೇದಿಕೆಯ ನಡುವೆ ಏಲಿಯಮ್ಮ ಕೂತಿದ್ದ ಆ ಕುರ್ಚಿ ಖಾಲಿಯಾಗಿ ಇರಬೇಕು.

ಮುಖಂಡರು ತಡವಾಗಿ ಬಂದರು. ದೀಪ ಹಚ್ಚುವ ಎಣ್ಣೆಬತ್ತಿ ಗಾಳಿಗೆ ಹತ್ತಿಕೊಳ್ಳದೆ, ಅದು ಆಮೇಲೆ ಆಗಲಿ ಎಂದಾಯಿತು. ಹಾಗಾಗಿ ಎಸಳು ಜನರ ಮುಷ್ಟಿಯಲ್ಲೇ ಉಳಿಯಿತು. ಮುಖಂಡರು ವೇದಿಕೆಯನ್ನೊಮ್ಮೆ ನೋಡಿದರು. ನಡುವೆ ಒಂದು ಕುರ್ಚಿ ಖಾಲಿ ಇತ್ತು. ತನಗಲ್ಲದೆ ಇನ್ಯಾರಿಗೆ? ನೇರವಾಗಿ ಹೋಗಿ ಕೂತರು.

ಚೇಟ ನನ್ನ ಮುಖ ನೋಡಿದರು. ನಾನು ಸ್ಯಾಕ್ಸೊಫೋನ್ ನೋಡಿದೆ. ಬೇರೆ ದಾರಿ ಕಾಣದೆ 'ಸಂಕ' ಶುರು ಮಾಡಿದೆವು.

ಹೆಜ್ಜೆಗಳವರೆಗೆ ಎಲ್ಲ ಸರಿಯಿತ್ತು. ನಾನು ಕಣ್ಣು ಮುಚ್ಚಿದೆ. ಕುರ್ಚಿ ವಾಲುವ ಜಾಗ ಬಂತು, ಡ್ರಮ್ ಬಡಿಯಿತು, ನನ್ನ ವಾದ್ಯ ಕಿರುಚಿತು. ಕಣ್ಣು ಬಿಟ್ಟರೆ ಸಭೆಗೆ ಸಭೆಯೇ ಎದ್ದು ನಿಂತಿದೆ! ಕ್ರಾಂತಿಯಾಯಿತು ಎಂದೇ ತಿಳಿದೆ. ಅಷ್ಟರಲ್ಲಿ ಮುಂದಿನ ಸಾಲಿನ ಒಬ್ಬ ಅಜ್ಜಿ ಎಸಳು ಎಸೆದರು.

ಅವರದೇನು ತಪ್ಪು? ನಮ್ಮ ಕಡೆ ಸ್ಯಾಕ್ಸೊಫೋನ್ ತಾರಕಕ್ಕೆ ಏರಿ ಡೋಲು ಬಿರುಸಾಯಿತೆಂದರೆ ಅದು ಗಟ್ಟಿಮೇಳ. ಗಟ್ಟಿಮೇಳವೆಂದರೆ ತಾಳಿ. ತಾಳಿಯೆಂದರೆ ಅಕ್ಷತೆ. ಜೀವಮಾನವಿಡೀ ನಾನೇ ಕಲಿಸಿಕೊಟ್ಟ ಪಾಠ. ಎಲ್ಲ ದಿಕ್ಕಿನಿಂದ ಎಸಳುಗಳು ಬಂದು ಕುರ್ಚಿಯ ಮೇಲೆ, ಅದರಲ್ಲಿದ್ದ ಮುಖಂಡರ ತಲೆಯ ಮೇಲೆ ಸುರಿದವು. ಅವರು ಕೈಮುಗಿದು ಆಶೀರ್ವಾದ ಸ್ವೀಕರಿಸಿದರು. ಗಟ್ಟಿಮೇಳ ಮುಗಿದ ಮೇಲೆ ಜನ ಮಾಡುವುದು ಇನ್ನೊಂದೇ. ನಾನು ಮುಂದಿನ ಸ್ವರಕ್ಕೆ ಉಸಿರೆಳೆದುಕೊಳ್ಳುವಷ್ಟರಲ್ಲಿ ಹಾಲ್ ಖಾಲಿ, ಊಟದ ಪಂಕ್ತಿ ಭರ್ತಿ. ಚೇಟ ಮಾತ್ರ ತಲೆಯೆತ್ತದೆ ಬಾರಿಸುತ್ತಲೇ ಇದ್ದರು, ಸಂಕ ಇನ್ನೂ ದಾಟಿ ಮುಗಿದಿರಲಿಲ್ಲ.

ಮುಖಂಡರು ಎದ್ದು ನನಗೆ ಶಾಲು ಹೊದಿಸಿದರು. "ಭಾರಿ ಲಾಯ್ಕ ಆಯ್ತು ಮಾರಾಯ್ರೆ. ಮುಂದಿನ ತಿಂಗಳು ನಮ್ಮ ಸ್ವಾಗತ ದ್ವಾರದ ಉದ್ಘಾಟನೆ ಉಂಟು, ಅಲ್ಲಿಗೂ ಇದನ್ನೇ ಹಾಕುವ," ಎಂದು ಮೈಕನ್ನು ನನ್ನ ಕೈಗೆ ಕೊಟ್ಟರು.

ಆ ಗಳಿಗೆ ನನ್ನದಾಗಿತ್ತು. ವೇದಿಕೆಯ ಪಕ್ಕದಿಂದ ಸುಶೀಲ ಮೆಲ್ಲಗೆ, "ಈಗ ಹೇಳಿ, ಅದು ಎಂತದು ಅಂತ ಹೇಳಿ," ಎಂದಳು. ಸೇತುವೆ, ಕುರ್ಚಿ, ಏಲಿಯಮ್ಮ, ಎಲ್ಲ ನಾಲಿಗೆಯ ತುದಿಗೆ ಬಂತು. ಶಾಲು ಬೆಚ್ಚಗಿತ್ತು. ನಾನು ಮೈಕಿನಲ್ಲಿ ಸ್ಪಷ್ಟವಾಗಿ ಹೇಳಿದೆ:

"ತಮ್ಮ ಪ್ರೋತ್ಸಾಹಕ್ಕೆ ಅನಂತ ಧನ್ಯವಾದಗಳು."

ಸಂಜೆ ಕುರ್ಚಿಯನ್ನು ಹೊತ್ತುಕೊಂಡು ನಾನೂ ಚೇಟನ ಜೊತೆ ಸಂಕದವರೆಗೆ ಹೋದೆ. ಅಲ್ಲಿ ಅವರು ಕುರ್ಚಿಯನ್ನು ನನ್ನ ಕೈಯಿಂದ ತೆಗೆದುಕೊಂಡರು.

"ಬೇಜಾರು ಮಾಡಬೇಡಿ ಶೇಖರಣ್ಣ. ಅವರು ಕೂತದ್ದು ಬಿಡಿ. ಹೂ ಬಿದ್ದದ್ದು ಅವಳ ಕುರ್ಚಿಗೆ. ಆ ದಿನ ಹಾಕಲಿಕ್ಕೆ ಜನ ಇರ್ಲಿಲ್ಲ, ಈಗ ಹಾಕಿದರು."

ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಒಂದು ಎಸಳನ್ನೂ ಕೊಡವದೆ ಕುರ್ಚಿಯನ್ನು ತಲೆಯ ಮೇಲಿಟ್ಟು ಅವರು ಸಂಕ ದಾಟಿದರು. ನಾನು ಈಚೆ ದಡದಲ್ಲೇ ನಿಂತೆ. ಕೈಮುಗಿಯುವುದೊಂದು ಬಾಕಿ, ಮುಖಂಡರಿಗೂ ನನಗೂ ಬೇರೆ ವ್ಯತ್ಯಾಸವಿರಲಿಲ್ಲ.

ಸ್ವಾಗತ ದ್ವಾರ ಆಗಿದೆ, ಗಟ್ಟಿಮುಟ್ಟಾಗಿದೆ. ಸಂಕ ಅಡಿಕೆ ಮರದ್ದೇ. ಆಲ್ಬಮ್ ಮಾತ್ರ ಪುತ್ತೂರಿನಿಂದ ಸುಳ್ಯದವರೆಗೆ ಹೆಸರು ಮಾಡಿದೆ. ಮದುವೆ ಮನೆಯವರೆಲ್ಲ 'ಆ ಹೊಸ ಗಟ್ಟಿಮೇಳ' ಬೇಕೆಂದು ಹೇಳಿಯೇ ಕರೆಯುತ್ತಾರೆ. ನಾನು ಊದುತ್ತೇನೆ. ಆ ಮೇಲಿನ ಸ್ವರಕ್ಕೆ ಬಂದಾಗ ನನಗೊಬ್ಬನಿಗೆ ವಾಲಿದ ಕುರ್ಚಿಯೂ ಚಾಚಿದ ಕೈಯೂ ಕಾಣುತ್ತವೆ. ಅಷ್ಟರಲ್ಲಿ ಅಕ್ಷತೆ ಬಂದು ವಾದ್ಯದ ಅಗಲ ಬಾಯಿಗೆ ಬೀಳುತ್ತದೆ.

ಮನೆಗೆ ಬಂದು ಸ್ಯಾಕ್ಸೊಫೋನ್ ತಲೆಕೆಳಗು ಮಾಡಿ ಕೊಡವುತ್ತೇನೆ. ಸುಶೀಲ ಕೆಳಗೊಂದು ತಟ್ಟೆ ಹಿಡಿಯುತ್ತಾಳೆ. ಉದುರಿದ ಅಕ್ಕಿಯನ್ನು ಅಂಗಳದ ಕೋಳಿಗಳಿಗೆ ಹಾಕುತ್ತಾಳೆ. ನನ್ನ ಸಾಮಾಜಿಕ ಮತ್ತು ರಾಜಕೀಯ ವಿಮರ್ಶೆಯಿಂದ ಇಷ್ಟರವರೆಗೆ ಪ್ರಯೋಜನವಾದದ್ದು ಅವುಗಳಿಗೆ ಮಾತ್ರ.